ಮಹಡಿ ಮನೆ ಮತ್ತು ಒಂದು ಲೋಟ ನೀರು

ಬಿಂದಿಗೆಯ ಬಾಯಿಗೆ ಹಳೆಯ ಪಂಚೆಯ ತುಂಡು ಕಟ್ಟಿ ನೀರು ಸೋಸುತ್ತಿದ್ದೆ. ಟ್ಯಾಂಕರಿನ ನೀರು. ಬಟ್ಟೆಯ ಮೇಲೆ ಕೆಂಪು ಕೆಸರು ಬಿಟ್ಟು ಹನಿಹನಿಯಾಗಿ ಇಳಿಯುತ್ತಿತ್ತು. ಪಕ್ಕದ ಮನೆಯ ಸೆಲ್ವರಾಜ್ ತನ್ನ ಬಿಂದಿಗೆಯನ್ನು ನನ್ನದಕ್ಕೆ ತಾಗಿಸಿ ಇಟ್ಟ.

"ಏನು ಪಾಟೀ, ಕಾಫಿ ಸೋಸ್ತಾ ಇದೀಯಾ? ನಂಗೂ ಒಂದು ಲೋಟ ಮಡಗು."

"ಸಕ್ಕರೆ ತಗಂಬಾರೋ. ಬಿಟ್ಟಿ ಕಾಫಿ ನಿಮ್ಮಪ್ಪನ ಕಾಲಕ್ಕೇ ಮುಗೀತು."

ಅವನ ತಮಿಳಿನಲ್ಲಿ ಪಾಟಿ ಅಂದರೆ ಅಜ್ಜಿ. ಅವನಪ್ಪನೂ ನನ್ನ ಗಂಡ ವೆಂಕಟೇಶಪ್ಪನೂ ಒಟ್ಟಿಗೆ ಚಿನ್ನದ ಗಣಿಗೆ ಇಳಿದವರು. ಒಟ್ಟಿಗೆ ಕೆಮ್ಮಿದವರು. ಗಣಿ ಮುಚ್ಚಿತು. ಇಬ್ಬರೂ ಎದೆಯಲ್ಲಿ ಕಲ್ಲಿನ ಧೂಳು ಹೊತ್ತುಕೊಂಡು ಹೋದರು. ಚಾಂಪಿಯನ್ ರೀಫ್ಸಿನಲ್ಲಿ ಗಣಿ ಕಂಪನಿ ಸಾಲಾಗಿ ಕಟ್ಟಿಸಿದ ಲೈನ್ ಮನೆಗಳಲ್ಲಿ ನಾವು ಉಳಿದೆವು. ಒಂದು ಕೋಣೆ, ಒಂದು ಒಲೆ, ತಗಡಿನ ಸೂರು. ಗಾಳಿಗಾಲದಲ್ಲಿ ಚಿನ್ನ ತೆಗೆದು ಸುರಿದ ಮಣ್ಣಿನ ಸಯನೈಡ್ ದಿಬ್ಬದ ಬಿಳಿ ಧೂಳು ಅನ್ನದ ತಟ್ಟೆಗೆ ಬೀಳುತ್ತದೆ. ಆದರೆ ಇಲ್ಲಿ ಯಾರ ಬಿಂದಿಗೆ ಯಾರದಕ್ಕೆ ತಾಗಿದರೂ ಯಾರೂ ನೀರು ಚೆಲ್ಲುವುದಿಲ್ಲ. ಅಷ್ಟು ಮಾತ್ರ ಈ ಲೈನಿನಲ್ಲಿ ನಮಗೆ ಸಿಕ್ಕ ಬಂಗಾರ.

ಹೊತ್ತು ಮುಳುಗುವಾಗ ಸೊಸೆ ಅರುಣಕುಮಾರಿ ಸ್ಟೇಷನ್ನಿನಿಂದ ಬಂದಳು. ಚಪ್ಪಲಿ ಕೈಯಲ್ಲಿತ್ತು. ಪಾದ ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತು ಕಾಲನ್ನು ನನ್ನ ಮುಂದೆ ಚಾಚಿದಳು. ಸೊಸೆ ಅತ್ತೆಯ ಮುಂದೆ ಕಾಲು ಚಾಚಬಾರದು ಅನ್ನುತ್ತಾರೆ. ನನ್ನ ಮಗ ಅಶ್ವಥ್ ಕಾಮಾಲೆಯಾಗಿ ಹೋದ ದಿನವೇ ನಮ್ಮಿಬ್ಬರ ನಡುವೆ ಆ ಲೆಕ್ಕ ಮುಗಿಯಿತು. ಸೋಸಿದ ನೀರಿನಲ್ಲೇ ಸ್ವಲ್ಪ ಕಾಯಿಸಿ, ಉಪ್ಪು ಹಾಕಿ, ಅವಳ ಕಾಲನ್ನು ಅದರೊಳಗೆ ಇಳಿಸಿದೆ.

"ಅತ್ತೆ, ನನ್ನ ಕೈಲಿ ಇನ್ನಾಗಲ್ಲ. ಬಂಗಾರಪೇಟೆಗೆ ಓಗ್ಬಿಡಣ."

ಅವಳು ಬೆಂಗಳೂರಿನ ಅಂಚಿನ ಒಂದು ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಲ್ಲುವವಳು. ದಿನವಿಡೀ ಬಿಸಿ ಉಗಿ ಮುಖಕ್ಕೆ ಹೊಡೆಯುತ್ತದೆ. ಕೂರಲು ಸ್ಟೂಲಿಲ್ಲ. ನಕ್ಷತ್ರ ಇರುವಾಗಲೇ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಬೇಕು. ಹೋಗುವಾಗ ಸೀಟು ಸಿಕ್ಕರೂ ಬರುವಾಗ ಇಲ್ಲ. ಕಕ್ಕಸಿನ ಬಾಗಿಲಿಗೆ ಒರಗಿ ನಿಂತು ಬರುತ್ತಾಳೆ. ನಮ್ಮ ಗಾಡಿ ತಪ್ಪಿದರೆ ಬೇರೆ ಗಾಡಿಯಿಲ್ಲ. ತಡವಾದರೆ ಫ್ಯಾಕ್ಟರಿಯವರು ಗೇಟು ಹಾಕುತ್ತಾರೆ, ಆ ದಿನದ ಕೂಲಿ ಹೋಯಿತು. ಬಂಗಾರಪೇಟೆ ಹಾಗಲ್ಲ. ಜಂಕ್ಷನ್ನು. ಕುಪ್ಪಂ ಕಡೆಯಿಂದ ಬರುವ ಗಾಡಿಗಳೂ ನಿಲ್ಲುತ್ತವೆ. ಒಂದು ಹೋದರೆ ಇನ್ನೊಂದು.

"ಭಾನು ಸ್ಕೂಲಿಗೂ ಒಳ್ಳೇದು" ಅಂದಳು.

ಭಾನುಪ್ರಿಯ ನನ್ನ ಮೊಮ್ಮಗಳು. ಆ ವರ್ಷ ಐದನೇ ಕ್ಲಾಸು ಮುಗಿಸಿದ್ದಳು. ಲೈನಿನ ಶಾಲೆಯಲ್ಲಿ ಎಲ್ಲ ಕ್ಲಾಸಿಗೂ ಒಬ್ಬರೇ ಮೇಡಂ. ಅವರೂ ವಾರಕ್ಕೆರಡು ದಿನ ಮೀಟಿಂಗು ಅಂತ ಹೋಗುತ್ತಾರೆ. ಬಂಗಾರಪೇಟೆಯಲ್ಲಿ ಹತ್ತರ ತನಕ ಇರುವ ಶಾಲೆಯಿದೆ, ಸೈನ್ಸಿಗೆ ಬೇರೆ ಟೀಚರಿದ್ದಾರೆ ಎಂದು ಅರುಣ ಯಾರಿಂದಲೋ ಕೇಳಿಕೊಂಡು ಬಂದಿದ್ದಳು. ಅಂದಿನಿಂದ ಅದೇ ಜಪ.

ನಾನು ಒಲೆಯ ಕಡೆ ನೋಡಿದೆ. ಒಲೆಗೆ ಮೂರು ಗುಂಡುಕಲ್ಲು. ರೈಲು ಒಂದು, ಶಾಲೆ ಒಂದು, ಬಾಡಿಗೆ ಒಂದು. ಮೂರೂ ಸಮವಾಗಿ ಕೂತರೆ ಮಡಕೆ ನಿಲ್ಲುತ್ತದೆ. ಒಂದು ಕುಸಿದರೂ ಸಾರು ಬೂದಿಗೆ.

"ಉಡುಕಣ" ಅಂದೆ.

ಹುಡುಕಿದೆವು. ಭಾನುವಾರ ಬಂತೆಂದರೆ ಮೂವರೂ ಬಂಗಾರಪೇಟೆಗೆ. ಹಳಿಯ ಆಚೆ ಒಂದು ಮನೆ ಸಿಕ್ಕಿತು, ಬಾಡಿಗೆ ನಮ್ಮ ಕೈಗೆ ಎಟುಕಿತು, ಆದರೆ ಶಾಲೆಗೆ ಮಗು ದಿನಕ್ಕೆ ಎರಡು ಸಲ ರೈಲ್ವೆ ಗೇಟು ದಾಟಬೇಕು. ಶಾಲೆಯ ಹತ್ತಿರ ಒಂದು ಸಿಕ್ಕಿತು, ಬಾಡಿಗೆ ಕೇಳಿ ಅರುಣ ಚಪ್ಪಲಿಯನ್ನೂ ಬಿಡದೆ ತಿರುಗಿದಳು. ಹೊಸ ಲೇಔಟಿನಲ್ಲಿ ಒಂದು, ಅಲ್ಲಿಂದ ಸ್ಟೇಷನ್ನಿಗೆ ಬೆಳಗಿನ ಜಾವ ಹೆಣ್ಣೊಬ್ಬಳು ನಡೆದು ಬರುವ ದಾರಿಯಲ್ಲ. ಕೆಲವು ಮನೆಗಳನ್ನು ನಾವು ಬೇಡವೆಂದೆವು. ಉಳಿದ ಮನೆಗಳು ನಮ್ಮನ್ನು ಬೇಡವೆಂದವು. ಗೇಟಿನಲ್ಲೇ ಕೇಳುತ್ತಿದ್ದರು.

"ಎಷ್ಟು ಜನ?"

"ಮೂರು ಜನ."

"ಅದಲ್ಲ. ಏನ್ ಜನ?"

"ಎಸ್ಸಿ" ಎಂದು ಅರುಣ ಹೇಳುತ್ತಿದ್ದಳು. ಆಮೇಲೆ ಆ ಮನೆಗೆ ನಿನ್ನೆ ತಾನೇ ಯಾರೋ ಅಡ್ವಾನ್ಸು ಕೊಟ್ಟಿರುತ್ತಿದ್ದರು. ಇಲ್ಲವೆ ಮಗಳು ಬಾಣಂತನಕ್ಕೆ ಬರುತ್ತಿರುತ್ತಿದ್ದಳು. ಒಂದು ಬೀದಿಯಲ್ಲಿ ಅದೇ ಭಾನುವಾರ ಮೂರು ಮನೆಯ ಹೆಣ್ಣುಮಕ್ಕಳು ಬಾಣಂತನಕ್ಕೆ ಬರುವವರಿದ್ದರು.

"ಈ ಬೀದೀಗೆ ಒಂದು ಆಸ್ಪತ್ರೆ ಕಟ್ಟಿಸ್ಬೇಕು ಅತ್ತೆ" ಅಂದಳು ಅರುಣ. ಮೂವರೂ ರಸ್ತೆಯಲ್ಲಿ ನಿಂತು ನಕ್ಕೆವು. ಆಗಿನ್ನೂ ನಗು ಬರುತ್ತಿತ್ತು.

ಮೇ ತಿಂಗಳಲ್ಲಿ ರಾಧಾಮಣಿಯವರ ಮನೆ ಸಿಕ್ಕಿತು. ತೋರಿಸಿದವನು ಬ್ರೋಕರ್ ಆದಿನಾರಾಯಣ. ಸ್ಟೇಷನ್ನಿನಿಂದ ಒಂದು ಕೂಗಳತೆ. ಮಹಡಿಯ ಮೇಲೆ ಎರಡು ಕೋಣೆ, ಹೊರಗಿನಿಂದ ಮೆಟ್ಟಿಲು. ಕಿಟಕಿ ತೆಗೆದರೆ ಶಾಲೆಯ ಬೇವಿನ ಮರ ಕಾಣುತ್ತದೆ. ಬಾಡಿಗೆ ಬಿಗಿಯೇ. ಆದರೆ ರೈಲು ತಪ್ಪಿ ಹೋಗುವ ಕೂಲಿ ಉಳಿದರೆ ಅದರಲ್ಲೇ ತೂಗುತ್ತದೆ ಎಂದು ಅರುಣ ಬೆರಳು ಮಡಿಚಿ ತೋರಿಸಿದಳು. ಮೂರು ಗುಂಡೂ ಕೂತವು.

ರಾಧಾಮಣಿ ನನಗಿಂತ ಸ್ವಲ್ಪ ಚಿಕ್ಕವರು. ನಗುಮುಖ. ತಾವೇ ಹತ್ತಿ ಬಂದು ತೋರಿಸಿದರು. ನಲ್ಲಿ ತಿರುಗಿಸಿದರು. ನೀರು ಬಂತು. ಸೋಸಬೇಕಿಲ್ಲದ ನೀರು. ಭಾನು ಬೆರಳು ಒಡ್ಡಿ ನೋಡಿದಳು.

"ನೀನು ಇಲ್ಲೇ ಓದ್ಕೋಬಹುದು ನೋಡಮ್ಮ, ಈ ಕಿಟಕಿ ಹತ್ರ" ಅಂದರು. ಏನು ಜನ ಎಂದು ಕೇಳಲಿಲ್ಲ. ಆದಿನಾರಾಯಣ ಏನು ಹೇಳಿದ್ದನೋ, ನಾವೂ ಕೇಳಲಿಲ್ಲ. ಕೇಳದೆ ಒಳಗೆ ಬಿಟ್ಟವರು ಅವರೊಬ್ಬರೇ. ನನ್ನ ಎದೆ ತಣ್ಣಗಾಗಿತ್ತು. ಅಡ್ವಾನ್ಸು ಅವರ ಕೈ ಸೇರಿತು. ಹಾಲು ಉಕ್ಕಿಸುವ ದಿನವನ್ನೂ ಮಾತಾಡಿಕೊಂಡೆವು.

ಕೆಳಗೆ ಇಳಿದು ಬಂದೆವು. ಬಿಸಿಲು. ಮೆಟ್ಟಿಲ ಕೊನೆಗೆ ಕೂತೆ. ಬಾಯಿ ಒಣಗಿತ್ತು.

"ಒಂಚೂರು ನೀರು ಕೊಡ್ತೀರಾ ತಾಯಿ?" ಅಂದೆ.

ರಾಧಾಮಣಿ ಒಳಗೆ ಹೋದರು. ಸ್ಟೀಲು ಲೋಟದ ತುಂಬ ನೀರು ತಂದರು. ನನ್ನ ಮುಂದೆ ನಿಂತು ಲೋಟ ನೀಡಿದರು. ನಿಜವಾಗಿ ನೀಡಿದರು. ಅದನ್ನು ಸುಳ್ಳು ಹೇಳಲಾರೆ.

ನನ್ನ ಕೈ ಲೋಟ ಹಿಡಿಯಲಿಲ್ಲ. ಎರಡೂ ಕೈ ತಾವಾಗಿ ಒಂದಾದವು. ಬೊಗಸೆಯಾದವು. ಬೆನ್ನು ಬಾಗಿತು. ಬಾಯಿ ಬೊಗಸೆಯ ಹತ್ತಿರ ಹೋಯಿತು. ನಾನು ಮೊದಲಿನಿಂದಲೂ ಹಾಗೇ ನೀರು ಕುಡಿಯುವವಳಂತೆ ಬಾಗಿ ಕೂತಿದ್ದೆ.

ರಾಧಾಮಣಿಯವರ ಕೈ ಗಾಳಿಯಲ್ಲಿ ನಿಂತಿತು. ಒಂದು ಗಳಿಗೆ. ಅವರು ನನ್ನ ಬೊಗಸೆ ನೋಡಿದರು. ಆಮೇಲೆ ಆ ಕೈ ಮೇಲೆ ಏರಿತು. ಲೋಟ ವಾಲಿತು. ಮೇಲಿನಿಂದ ನೀರು ಬಿತ್ತು.

ಅವರು ಒಂದು ಮಾತು ಆಡಲಿಲ್ಲ. ನನ್ನ ಕೈ ಮರೆತಿರಲಿಲ್ಲ. ಅವರ ಕೈಯೂ ಮರೆತಿರಲಿಲ್ಲ. ನೀರು ಮುಗಿಯುವ ತನಕ ಕುಡಿದೆ. ಅರ್ಧಕ್ಕೆ ನಿಲ್ಲಿಸಲು ಆಗಲಿಲ್ಲ. ಅರುಣ ಗೋಡೆ ನೋಡುತ್ತಿದ್ದಳು. ಭಾನು ನನ್ನನ್ನೇ ನೋಡುತ್ತಿದ್ದಳು.

ಲೋಟವನ್ನು ರಾಧಾಮಣಿ ಒಳಗೆ ತೆಗೆದುಕೊಂಡು ಹೋಗಲಿಲ್ಲ. ಹೊರಗಿನ ಒಗೆಯುವ ಕಲ್ಲಿನ ಮೇಲೆ ಇಟ್ಟರು.

ನಮ್ಮೂರು ಕಾಮಸಮುದ್ರದ ಕಡೆಯದು. ಹುಡುಗಿಯಾಗಿದ್ದಾಗ ಅವ್ವನ ಜೊತೆ ಗೌಡರ ಹೊಲಕ್ಕೆ ಹೋಗುತ್ತಿದ್ದೆ. ರಾಗಿ ಕೊಯ್ದು ಕೊಯ್ದು ಅಂಗೈ ಸೀಳುತ್ತಿತ್ತು. ನೀರು ಕೇಳಿದರೆ ಮನೆಯ ಹೆಣ್ಣಾಳು ಚೊಂಬು ತಂದು ಎತ್ತರದಿಂದ ಬಿಡುತ್ತಿದ್ದಳು. ಮೊದಲ ದಿನ ನನ್ನ ಬೊಗಸೆಯಿಂದ ನೀರೆಲ್ಲ ಸೋರಿ ಮೊಣಕೈಗೆ ಇಳಿಯಿತು. ಅವ್ವ ನನ್ನ ಕೈ ಹಿಡಿದು ಕಲಿಸಿದಳು. "ಬೆರಳ ಸಂದಿ ಮುಚ್ಚೇ. ಮಣಿಕಟ್ಟು ಎತ್ತು. ಒಂದು ಹನಿ ಚೆಲ್ಲಿದ್ರೂ ಇನ್ನೊಂದ್ಸಲ ಉಯ್ಯಲ್ಲ ಅವ್ರು." ಅಕ್ಷರಕ್ಕಿಂತ ಮೊದಲು ಕಲಿತ ಪಾಠ ಅದು. ಮದುವೆಯಾಗಿ ಚಾಂಪಿಯನ್ನಿಗೆ ಬಂದೆ. ಇಲ್ಲಿ ಲೋಟ ಎತ್ತಿ ಕುಡಿದೆ. ಯೂನಿಯನ್ ಆಫೀಸಿನ ಹಿಂದಿನ ಕೋಣೆಯಲ್ಲಿ ರಾತ್ರಿ ಶಾಲೆ ನಡೆಯುತ್ತಿತ್ತು. ತಲೆ ನರೆಯುವ ಹೊತ್ತಿಗೆ ಅಲ್ಲಿ ಅಕ್ಷರ ಕಲಿತೆ. ಹೆಬ್ಬೆಟ್ಟು ಬಿಟ್ಟೆ, ಸಹಿ ಹಾಕಿದೆ. ಹಳೆಯದೆಲ್ಲ ಅಳಿಸಿಹೋಯಿತು ಅಂದುಕೊಂಡಿದ್ದೆ. ಚಂದದ ಮನೆ, ನಗುವ ಯಜಮಾನಿತಿ, ಬಿಸಿಲು, ಒಳಗಿನಿಂದ ಬಂದ ನೀರು. ಕೈ ಹಳೆಯ ಪಾಠ ಒಪ್ಪಿಸಿಬಿಟ್ಟಿತು.

ಸಂಜೆ ಆದಿನಾರಾಯಣ ಫೋನು ಮಾಡಿದ.

"ಅವ್ರ ನೆಂಟ್ರು ಬತ್ತಾರಂತಮ್ಮ. ದುಡ್ಡು ಬಂದು ಇಸ್ಕೊಂಡೋಗಿ."

"ಯಾವ ನೆಂಟ್ರಣ್ಣ? ಮಧ್ಯಾಹ್ನ ಇರಲಿಲ್ವಲ್ಲ?" ಅಂದಳು ಅರುಣ.

"ನನ್ನೇನ್ ಕೇಳ್ತೀಯಮ್ಮ? ನಿಮ್ಮತ್ತೇನ ಕೇಳು. ಎಲ್ಲಾ ಸರಿಯಾಗಿ ಕೂಡಿಸಿಟ್ಟಿದ್ದೆ. ಒಂದು ಲೋಟ ಇಡ್ಕೊಳಕ್ಕೆ ಬರಲ್ವ ಅವ್ರಿಗೆ?"

ಫೋನಿನ ಸದ್ದು ಜೋರಿತ್ತು. ನನಗೂ ಕೇಳಿತು. ಅರುಣ ಫೋನು ಕೆಳಗಿಟ್ಟು ಪಾತ್ರೆ ಉಜ್ಜಲು ಕೂತಳು. ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜಿದಳು. ಬಯ್ದಿದ್ದರೆ ಚೆನ್ನಾಗಿತ್ತು.

ಮರುದಿನ ನಾನು ಕಾಗದ ಬರೆದೆ. ರಾಧಾಮಣಿಯವರಿಗೆ. ಭಾನುವಿನ ನೋಟ್‌ಬುಕ್ಕಿನ ಹಾಳೆ, ಅವಳದೇ ಪೆನ್ನು. ನನ್ನ ಅಕ್ಷರ ದಪ್ಪ. ಒಂದು ಸಾಲಿಗೆ ನಾಲ್ಕೇ ಪದ ಹಿಡಿಸುತ್ತವೆ. ಬರೆಯಲು ಇಡೀ ಬೆಳಗು ಹಿಡಿಯಿತು. ನಿಮ್ಮ ಮನೆ ನಮಗೆ ಯಾಕೆ ಕೊಡಲಿಲ್ಲ, ಬರೆದು ತಿಳಿಸಿ ಎಂದು ಕೇಳಿದ್ದೆ. ನಾನು ಬೊಗಸೆ ಒಡ್ಡಿದ್ದು ತಪ್ಪಾಯಿತು, ಕ್ಷಮಿಸಿ, ಮಗುವಿನ ಓದಿಗಾಗಿ ಇನ್ನೊಮ್ಮೆ ಯೋಚಿಸಿ ಎಂದೂ ಬರೆದಿದ್ದೆ.

ಅರುಣ ಓದಿದಳು. ಮಡಿಚಿ ವಾಪಸು ಕೊಟ್ಟಳು.

"ಬೇಡತ್ತೆ. ಕಳಿಸ್ಬೇಡಿ. ಇದು ಆ ಬೀದೀಲೆಲ್ಲಾ ಸುದ್ದಿ ಆಯ್ತದೆ. ಆಮೇಲೆ ಬಂಗಾರಪೇಟೇಲಿ ಯಾವನೂ ಬಾಗ್ಲು ತೆಗೆಯಲ್ಲ. ನನ್ನ ಕಾಲು ನೋಡಿ."

ನೋಡಿದೆ. ಕಾಗದವನ್ನು ರಾಗಿ ಡಬ್ಬದ ಕೆಳಗೆ ಇಟ್ಟೆ.

ಜೂನ್ ಬಂತು. ಮನೆ ಸಿಕ್ಕೀತು ಎಂದು ಭಾನುವನ್ನು ಬಂಗಾರಪೇಟೆಯ ಶಾಲೆಗೆ ಮೊದಲೇ ಸೇರಿಸಿದ್ದೆವು. ಈಗ ಅವಳೂ ನಸುಕಿಗೆ ಎದ್ದು ಅಮ್ಮನ ಜೊತೆ ರೈಲು ಹತ್ತಬೇಕಾಯಿತು. ಬಂಗಾರಪೇಟೆಯಲ್ಲಿ ಇಳಿಯುತ್ತಾಳೆ. ಅವಳ ಅಮ್ಮ ಬಾಗಿಲಲ್ಲಿ ನೇತಾಡಿಕೊಂಡು ಕೈ ಬೀಸುತ್ತಾ ಮುಂದೆ ಹೋಗುತ್ತಾಳೆ. ಮಗು ಶಾಲೆಯ ಗೇಟು ತೆಗೆಯುವ ತನಕ ಗೋಡೆಯ ಪಕ್ಕ ಚೀಲ ತಬ್ಬಿಕೊಂಡು ನಿದ್ದೆ ಮಾಡುತ್ತದೆ. ಸಂಜೆ ನಾನು ಬಸ್ಸಿನಲ್ಲಿ ಹೋಗಿ ಕರೆತರುತ್ತೇನೆ. ದಾರಿಯಲ್ಲಿ ರಾಧಾಮಣಿಯವರ ಮನೆ. ಮಹಡಿಗೆ ಬೀಗ. 'ಮನೆ ಬಾಡಿಗೆಗಿದೆ' ಬೋರ್ಡು ಗೇಟಿನಲ್ಲೇ ನೇತಾಡುತ್ತಿತ್ತು. ನೆಂಟರು ಬಂದಿರಲಿಲ್ಲ.

ಭಾನು ಬೆಳಗ್ಗೆ ಬಾಟಲಿ ತುಂಬಿಕೊಂಡು ಹೋಗುತ್ತಿದ್ದಳು. ಸಂಜೆ ಬರುವಾಗ ಬಾಟಲಿ ಖಾಲಿ. ತುಟಿ ಒಡೆದಿರುತ್ತಿತ್ತು. ಬಿಸಿಲಿಗೆ ಅಂದುಕೊಂಡೆ. ತುಪ್ಪ ಸವರಿದೆ.

ಆಗಸ್ಟಿನಲ್ಲಿ ಆದಿನಾರಾಯಣ ಲೈನಿಗೇ ಬಂದ. ಸ್ಕೂಟರ್ ನಿಲ್ಲಿಸಿ, ಕಾಲು ಕೆಳಗಿಡುವ ಮೊದಲು ನೆಲ ನೋಡಿದ.

"ಒಂದು ಮನೆ ಐತೆ ಕಣಮ್ಮ. ರಾಧಾಮಣಿಯವ್ರ ಹಿಂದಿನ ಬೀದಿ. ಓನರು ಕೋಲಾರದಾಗವ್ರೆ, ತಿಂಗಳಿಗೊಂದ್ಸಲ ಬತ್ತಾರೆ. ಬಾಡಿಗೆನೂ ಕಮ್ಮಿ. ಆದ್ರೆ ನಾನು ಏಳ್ದಂಗೆ ಕೇಳ್ಬೇಕು."

ಅವನು ಹೇಳಿದ. ಏನು ಜನ ಎಂದರೆ ಹೇಳಬೇಕಾದ ಜಾತಿಯ ಹೆಸರು ಹೇಳಿಕೊಟ್ಟ. ಮನೆಯಲ್ಲಿ ಮಾಂಸ ಬೇಯಬಾರದು. ಗೋಡೆಯ ಮೇಲಿದ್ದ ಬಾಬಾಸಾಹೇಬರ ಪಟ ನೋಡಿದ. "ಅದು ಟ್ರಂಕಿನಲ್ಲಿರ್ಲಿ." ಆಮೇಲೆ ನನ್ನ ಕಡೆ ತಿರುಗಿದ.

"ಅಜ್ಜಿ ಮಾತ್ರ ಎಲ್ಲೂ ನೀರು ಕೇಳ್ಬಾರ್ದು."

ಸೆಲ್ವರಾಜ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

"ಪಾಟಿ ಉಸ್ರಾಡಬೌದಾ ಸಾರ್? ಇಲ್ಲ ಅದ್ಕೂ ಓನರ್ ಪರ್ಮಿಷನ್ ಬೇಕಾ?"

"ನೀನ್ ಸುಮ್ಕಿರಯ್ಯ. ಮನೆ ಕೊಡ್ಸೋನು ನಾನು" ಅಂದ ಆದಿನಾರಾಯಣ.

ಅರುಣ ಹೂಂ ಅಂದಳು. ನಾನೂ ಹೂಂ ಅಂದೆ. ಹೇಳಿಬಿಡುತ್ತೇನೆ, ನಾನೂ ಅಂದೆ. ಅವಳ ಕಾಲಿನ ನರ ಆಗ ಕಪ್ಪಗೆ ಗಂಟು ಕಟ್ಟಿ ಮೇಲೆದ್ದಿತ್ತು. ಒಂದು ಸುಳ್ಳಿನಿಂದ ಆ ಕಾಲಿನ ಊತ ಇಳಿಯುವುದಾದರೆ ಇಳಿಯಲಿ ಅನ್ನಿಸಿತು.

ಅಂದಿನಿಂದ ಅರುಣ ಮಗುವಿಗೆ ಪಾಠ ಶುರು ಮಾಡಿದಳು. ತಲೆ ಬಾಚುತ್ತಾ ಕೇಳುವಳು.

"ನೀವು ಯಾರು ಅಂದ್ರೆ?"

ಭಾನು ಆ ಹೆಸರು ಹೇಳುವಳು.

"ಗೋಡೆ ನೋಡ್ಕೊಂಡು ಏಳ್ಬೇಡ್ವೆ. ಕಣ್ಣು ನೋಡಿ ಏಳು."

ಭಾನು ಮತ್ತೆ ಹೇಳುವಳು. ಜಾಣೆ. ನಾಲ್ಕು ದಿನಕ್ಕೆ ನಾಲಿಗೆ ಪಳಗಿತು. ಪಟವನ್ನು ಅರುಣ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಇಳಿಸಿದಳು. ಮೊಳೆ ಗೋಡೆಯಲ್ಲಿ ಉಳಿಯಿತು. ಬರುವ ಭಾನುವಾರ ಹಾಲು ಉಕ್ಕಿಸುವುದೆಂದಾಯಿತು.

ಗುರುವಾರ ಮಧ್ಯಾಹ್ನ ಶಾಲೆಯಿಂದ ಫೋನು. ಮಗು ಬಿದ್ದುಬಿಟ್ಟಿದ್ದಾಳೆ, ಬನ್ನಿ.

ಹೇಗೆ ಬಸ್ಸು ಹತ್ತಿದೆನೋ ಗೊತ್ತಿಲ್ಲ. ಹೋದಾಗ ಭಾನು ಟೀಚರುಗಳ ಕೋಣೆಯಲ್ಲಿ ಬೆಂಚಿನ ಮೇಲೆ ಮಲಗಿದ್ದಳು. ಹಣೆಯ ಮೇಲೆ ಒದ್ದೆ ಕರ್ಚೀಫು. ತುಟಿ ಬಿಳಿಚಿತ್ತು. ಪಕ್ಕದಲ್ಲಿ ಶಾಲೆಯ ಎದುರುಮನೆಯ ಹೆಂಗಸೊಬ್ಬಳು ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉಪ್ಪು ಸಕ್ಕರೆ ಹಾಕಿದ ನೀರನ್ನು ಚಮಚದಲ್ಲಿ ಬಾಯಿಗೆ ಬಿಡುತ್ತಿದ್ದಳು.

ಟೀಚರು ಹೇಳಿದರು. ಶಾಲೆಯ ಮೋಟಾರು ಕೆಟ್ಟು ನಲ್ಲಿಯಲ್ಲಿ ನೀರಿರಲಿಲ್ಲ. ಮಕ್ಕಳನ್ನೆಲ್ಲ ಎದುರುಮನೆಗೆ ಕಳಿಸಿದ್ದರು. ಆ ಹೆಂಗಸು ಜಗಲಿಯ ಮೇಲೆ ನಿಂತು ಒಬ್ಬೊಬ್ಬರಿಗೂ ಲೋಟದಲ್ಲಿ ನೀರು ಕೊಟ್ಟಳು. ಎಲ್ಲರೂ ಕುಡಿದರು. ಭಾನು ಮಾತ್ರ ಬೇವಿನ ಮರದ ಹಿಂದೆ ನಿಂತುಬಿಟ್ಟಳು. ಆಮೇಲೆ ಆಟದ ಪೀರಿಯಡ್ಡು, ಬಿಸಿಲಿನಲ್ಲಿ ಓಡಿದಳು, ಬಿದ್ದಳು.

"ಇವತ್ತಲ್ಲ ಅಜ್ಜಿ" ಅಂದರು ಟೀಚರು. "ಇವ್ಳು ಯಾರ ಹತ್ರನೂ ನೀರು ಇಸ್ಕೊಳಲ್ವಂತೆ. ಗೆಳತೀರ ಬಾಟಲೀಲೂ ಕುಡಿಯಲ್ಲ. ಮಕ್ಕಳು ಹೇಳಿದ್ರು. ಏನಾದ್ರೂ ವ್ರತ ಗಿತ ಇದೆಯಾ ನಿಮ್ಮಲ್ಲಿ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಎದುರುಮನೆಯ ಹೆಂಗಸು ಕಣ್ಣೊರೆಸಿಕೊಂಡಳು. "ಕರೆದೆ ಕಣಮ್ಮ. ಬಾ ಪುಟ್ಟೀ ಅಂತ ಎರಡು ಸಲ ಕರೆದೆ. ಓಡೋಯ್ತು ಮಗು." ಅವಳದು ಏನೂ ತಪ್ಪಿರಲಿಲ್ಲ.

ಮಗುವನ್ನು ಹೆಗಲಿಗೆ ಒರಗಿಸಿಕೊಂಡು ಬಸ್ಸಿನಲ್ಲಿ ಕೂತೆ. ಊರು ದಾಟಿದ ಮೇಲೆ ಕೇಳಿದೆ.

"ಯಾಕಮ್ಮಾ? ಅಷ್ಟು ದಾಹ ಇದ್ರೂ ಯಾಕೆ ಕುಡೀಲಿಲ್ಲ?"

ಕಿಟಕಿಯ ಕಂಬಿ ಉಜ್ಜುತ್ತಿದ್ದಳು.

"ಲೋಟ ಎಂಗೆ ಇಸ್ಕೋಬೇಕು ಅಂತ ಗೊತ್ತಾಗಲ್ಲ ಅಜ್ಜಿ."

"ಎಂಗೆ ಅಂದ್ರೆ? ಮನೇಲಿ ಇಡ್ಕೊಳಲ್ವ?"

"ಮನೇಲಿ ಗೊತ್ತು. ಅವ್ರು ಕೊಟ್ರೆ ನನ್ನ ಕೈನೂ ನಿನ್ನ ತರ ಮಾಡ್ಬಿಟ್ರೆ? ಅವ್ರಿಗೆ ಗೊತ್ತಾಗೋಗ್ತದೆ. ಆಮೇಲೆ ಈ ಮನೆನೂ ಓಗ್ತದೆ. ಅಮ್ಮನ ಕಾಲು..."

ತನ್ನ ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಳು. ಸಣ್ಣ ಕೈ. ಹೊಲ ನೋಡದ ಕೈ. ಆ ಕೈಗೆ ಯಾರೂ ಮೇಲಿನಿಂದ ನೀರು ಬಿಟ್ಟಿರಲಿಲ್ಲ. ನನ್ನ ಅವ್ವ ನನಗೆ ಕಲಿಸಿದ್ದನ್ನು ನಾನು ಅವಳಿಗೆ ಕಲಿಸಿರಲಿಲ್ಲ. ಆದರೂ ಅವಳು ನೋಡಿ ಕಲಿತಿದ್ದಳು. ತನ್ನ ಕೈಗೆ ತಾನೇ ಹೆದರುವುದನ್ನು ಕಲಿತಿದ್ದಳು. ನನಗೆ ಅಳು ಬರಲಿಲ್ಲ. ಮಗ ಸತ್ತಾಗಲೂ ಇಷ್ಟು ಒಳಗೆ ಮುರಿದಿರಲಿಲ್ಲ.

ಅರುಣ ರೈಲಿಳಿದು ಬಂದಳು. ಹೇಳಿದೆ. ಏನನ್ನೂ ಮುಚ್ಚದೆ ಹೇಳಿದೆ. ಹೊಸ್ತಿಲ ಮೇಲೆ ಕೂತಿದ್ದಳು. ಕಾಲಿಗೆ ಬಿಸಿನೀರು ತಂದಿಟ್ಟರೆ ಕಾಲು ಇಳಿಸಲಿಲ್ಲ. ನೀರು ಆರಿತು. ಮಲಗಿದ್ದ ಮಗಳ ಹತ್ತಿರ ಹೋಗಿ ಅವಳ ಎರಡೂ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಫೋನು ತೆಗೆದಳು.

"ಆದಿನಾರಾಯಣಣ್ಣಾ, ಅರುಣ ಮಾತಾಡೋದು. ಆ ಕೋಲಾರದ ಓನರಿಗೆ ಒಂದ್ಮಾತು ಏಳಿ. ನಾವು ಎಸ್ಸಿ. ಗೊತ್ತಿದ್ದು ಕೊಡ್ತಾರಾ ಕೇಳಿ. ಕೊಟ್ರೆ ಭಾನುವಾರ ಬತ್ತೀವಿ."

"ಏನಮ್ಮಾ, ಉಚ್ಚು ಗಿಚ್ಚು ಇಡೀತಾ? ಕೈಗೆ ಬಂದಿದ್ದನ್ನ..."

"ಕೇಳಿ ಏಳಿ ಅಷ್ಟೇ."

"ಕೇಳೋದೇನೈತೆ? ಕೊಡಲ್ಲ. ಇನ್ನು ನನ್ನ ಮನೆ ಮುಂದೆ ಬರ್ಬೇಡಿ. ನಿಮ್ಮನ್ನ ಉದ್ಧಾರ ಮಾಡಕ್ಕಾಗಲ್ಲ."

"ಸರಿ ಬಿಡಿ. ನಾವು ಸುಳ್ಳು ಏಳಿ ಬರಲ್ಲ" ಅಂದಳು. ಅಷ್ಟು ಹೊತ್ತೂ ಗಟ್ಟಿಯಿದ್ದ ದನಿ ಕೊನೆಯ ಮಾತಿಗೆ ಒಡೆಯಿತು. ಫೋನು ಕೆಳಗಿಟ್ಟು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಮನೆ ಹೋಯಿತು. ಬೇವಿನ ಮರದ ಹತ್ತಿರದ ಬೀದಿ ಹೋಯಿತು. ಜಂಕ್ಷನ್ನಿನ ಎರಡನೇ ಗಾಡಿ ಹೋಯಿತು. ಅವಳ ಬೆನ್ನು ಸವರುತ್ತಾ ಕೂತೆ.

ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಎದ್ದಳು. ಟ್ರಂಕು ತೆಗೆದಳು. ಪಟವನ್ನು ತಂದು ಮೊಳೆಗೆ ಹಾಕಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಅತ್ತೆ, ಆ ಕಾಗದ ಎಲ್ಲೈತೆ?"

ರಾಗಿ ಡಬ್ಬ ಸರಿಸಿ ತೆಗೆದೆ. ಮಡಿಕೆಯಲ್ಲಿ ರಾಗಿ ಹಿಟ್ಟು ಸೇರಿತ್ತು. ಭಾನು ಎದ್ದು ಬಂದು ನನ್ನ ಪಕ್ಕ ಕೂತಳು. ಪೆನ್ನು ತೆಗೆದುಕೊಂಡೆ. 'ತಪ್ಪಾಯಿತು, ಕ್ಷಮಿಸಿ' ಎಂಬ ಸಾಲಿನ ಮೇಲೆ ಅಡ್ಡಗೆರೆ ಎಳೆದೆ. 'ಇನ್ನೊಮ್ಮೆ ಯೋಚಿಸಿ' ಎಂಬುದನ್ನೂ ಹೊಡೆದೆ.

"ಗೀಚಿದ್ದು ಚೆನ್ನಾಗಿ ಕಾಣಲ್ಲ ಅಜ್ಜಿ. ಬೇರೆ ಹಾಳೇಲಿ ಬರೀ" ಅಂದಳು.

"ಇರ್ಲಿ. ನಾನು ಏನು ಒಡೆದಾಕಿದೀನಿ ಅಂತ ಅವ್ರೂ ಓದ್ಲಿ."

ಕೆಳಗೆ ಹೊಸದಾಗಿ ಬರೆದೆ.

'ನಿಮ್ಮ ನೆಂಟರು ಇನ್ನೂ ಬಂದಿಲ್ಲ. ಬೋರ್ಡು ಹಾಗೇ ಇದೆ. ನೀವು ಲೋಟ ಕೊಟ್ಟಿರಿ. ನಾನು ಬೊಗಸೆ ಒಡ್ಡಿದೆ. ತಾಯಿ, ಲೋಟ ಹಿಡಿದುಕೊಳ್ಳಿ ಎಂದು ನೀವು ಒಂದು ಮಾತು ಹೇಳಬಹುದಿತ್ತು. ನೀವು ಮೇಲಿನಿಂದ ಸುರಿದಿರಿ. ಅದನ್ನು ನನ್ನ ಮೊಮ್ಮಗಳು ನೋಡಿದಳು. ಅವಳು ಈಗ ಯಾರ ಮನೆಯಲ್ಲೂ ನೀರು ಕುಡಿಯುವುದಿಲ್ಲ. ಇದಕ್ಕೆ ಉತ್ತರ ಕೊಡಿ. ಕೊಡದಿದ್ದರೆ ಇದೇ ಕಾಗದವನ್ನು ತಾಲ್ಲೂಕು ಕಚೇರಿಯಲ್ಲಿ ಎಲ್ಲರ ಮುಂದೆ ಓದುತ್ತೇನೆ. ನನಗೆ ಓದಲು ಬರುತ್ತದೆ.'

ಸಹಿ ಹಾಕಿದೆ. ಚಿಕ್ಕವೆಂಕಟಮ್ಮ, ವೆಂಕಟೇಶಪ್ಪನವರ ಹೆಂಡತಿ, ಚಾಂಪಿಯನ್ ರೀಫ್ಸ್.

ಬೆಳಗ್ಗೆ ಅರುಣ ತನ್ನ ರೈಲಿಗೆ ಹೋದಳು. ಊದಿದ ಕಾಲಿನಲ್ಲೇ ಹೋದಳು. ಭಾನುವಿಗೆ ಅಂದು ರಜೆ ಮಾಡಿಸಿ, ಅವಳ ಕೈ ಹಿಡಿದು ಬಂಗಾರಪೇಟೆಯ ಪೋಸ್ಟಾಫೀಸಿಗೆ ಹೋದೆ. ಕೌಂಟರಿನಲ್ಲಿದ್ದವನು ಎಳೆ ವಯಸ್ಸಿನವನು. ಕವರು ತೆಗೆದುಕೊಂಡು ತಿರುಗಿಸಿ ನೋಡಿದ.

"ಇದೇ ಊರಿಗಾ ಅಜ್ಜಿ? ಎರಡು ಬೀದಿ ಆಚೆ ಇದೆ. ನಡ್ಕೊಂಡೋಗಿ ಕೊಡಬೌದಲ್ಲ?"

"ನಡ್ಕೊಂಡೋದ್ರೆ ಗೇಟಲ್ಲಿ ನಿಲ್ಬೇಕಪ್ಪ. ರಿಜಿಸ್ಟರ್ ಮಾಡು."

"ಈಗ ಎಲ್ಲಾ ಸ್ಪೀಡ್ ಪೋಸ್ಟೇ. ಸಹಿ ಆಕಿಸ್ಕೊಂಡೇ ಕೊಡೋ ತರ ಮಾಡ್ಕೊಡ್ತೀನಿ. ಇದು ಅಂಟಿಸಿಲ್ಲ ನೋಡಿ, ಅಂಟಿಸ್ಕೊಂಡು ಬನ್ನಿ. ಗೋಂದು ಅಲ್ಲೈತೆ."

ಕಿಟಕಿಯ ಹತ್ತಿರ ಗೋಂದಿನ ಡಬ್ಬಿ ಇತ್ತು. ಒಣಗಿ ಕಲ್ಲಾಗಿತ್ತು. ಭಾನು ಕಡ್ಡಿಯಲ್ಲಿ ಕೆದಕಿ ನೋಡಿದಳು. "ಇಲ್ಲ ಅಜ್ಜಿ. ನೀರಾಕ್ಲಾ?"

"ಬೇಡ" ಅಂದೆ.

ಅಂಟು ಸವರಿದ್ದ ಕವರಿನ ಅಂಚನ್ನು ಬಾಯಿಗೆ ಹಿಡಿದೆ. ಈ ತುದಿಯಿಂದ ಆ ತುದಿಯ ತನಕ ನಾಲಿಗೆಯಿಂದ ಎಂಜಲು ಸವರಿದೆ. ಅವಸರ ಮಾಡಲಿಲ್ಲ. ಮಡಿಚಿ, ಅಂಗೈಯಿಂದ ಒತ್ತಿ, ಗಟ್ಟಿಯಾಗುವ ತನಕ ಹಿಡಿದೆ. ಭಾನುವೂ ತನ್ನ ಕೈಯನ್ನು ನನ್ನ ಕೈಯ ಮೇಲಿಟ್ಟು ಒತ್ತಿದಳು.

ಕೌಂಟರಿಗೆ ಕೊಟ್ಟೆ.

"ಅವ್ರೇ ಇಸ್ಕೋಬೇಕಾ ಇದ್ನ? ಕೈಯಾಗೇ?"

"ಹೂಂ ಅಜ್ಜಿ. ಪೋಸ್ಟ್‌ಮನ್ನು ಕೈಗೇ ಕೊಡ್ತಾನೆ. ಮೇಲಿಂದ ಎಸೆಯಲ್ಲ" ಎಂದು ನಕ್ಕ. ಅವನಿಗೆ ಏನೂ ಗೊತ್ತಿರಲಿಲ್ಲ.

"ಸರಿ" ಅಂದೆ. "ಕಳಿಸಪ್ಪ."